ಸಿಲೆಬಸ್ ರೂಪಿಸುವ ಮೇಜಿನಲ್ಲಿ ವಿದ್ಯಾರ್ಥಿಗೂ ಕುರ್ಚಿ: ಸಹವಿನ್ಯಾಸ ಕಾರ್ಯಾಗಾರ ಎಂದರೇನು, ಹೇಗೆ ನಡೆಯುತ್ತದೆ?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಒಂದೇ ಮನೆಯಲ್ಲಿ ಮೂವರು ಮಕ್ಕಳು ಪದವಿ ಓದಿದ್ದರೆ, ಮೂವರೂ ಮೂರು ಬೇರೆ ಬೇರೆ ಪದ್ಧತಿಗಳಲ್ಲಿ ಓದಿರುವುದು ಈಗ ಅಪರೂಪವೇನಲ್ಲ. ಹಿರಿಯ ಮಗಳು ಹಳೆಯ ಮೂರು ವರ್ಷದ ಪದವಿ ಮುಗಿಸಿರುತ್ತಾಳೆ. ನಡುವಿನ ಮಗ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಅಡಿ ಬಂದ, ನಾಲ್ಕನೇ ವರ್ಷದ ಆನರ್ಸ್‌ಗೂ ಅವಕಾಶವಿದ್ದ ಪದ್ಧತಿಗೆ ಸೇರಿರುತ್ತಾನೆ. ಕಿರಿಯ ಮಗಳು 2024-25ರಲ್ಲಿ ರಾಜ್ಯ ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಮರಳಿದ ಮೇಲೆ ಪ್ರವೇಶ ಪಡೆದಿರುತ್ತಾಳೆ. ಅಕ್ಕನ ನೋಟ್ಸ್ ತಮ್ಮನಿಗೆ ಉಪಯೋಗಕ್ಕೆ ಬರಲಿಲ್ಲ, ಅಣ್ಣನ ಪುಸ್ತಕ ತಂಗಿಗೆ ಹೊಂದಲಿಲ್ಲ. ಇದೇ ಹೊತ್ತಿನಲ್ಲಿ ಬೀದರ್ ಜಿಲ್ಲೆಗೆ ಪ್ರತ್ಯೇಕ ವಿಶ್ವವಿದ್ಯಾಲಯವೂ ಬಂದು, ಅದುವರೆಗೆ ಗುಲಬರ್ಗಾ ವಿಶ್ವವಿದ್ಯಾಲಯದ ಪಠ್ಯಕ್ರಮ ಓದುತ್ತಿದ್ದ ಕಾಲೇಜುಗಳು ಹೊಸ ಲೆಕ್ಕಕ್ಕೆ ಹೊಂದಿಕೊಳ್ಳಬೇಕಾಯಿತು. ಹೀಗಾಗಿ, ಈ ಸಿಲೆಬಸ್ಸನ್ನು ಯಾರು, ಎಲ್ಲಿ ಕುಳಿತು, ಯಾರನ್ನು ಕೇಳಿ ಮಾಡುತ್ತಾರೆ ಎಂಬ ಪ್ರಶ್ನೆ ಶಿಕ್ಷಣ ತಜ್ಞರ ಸಭೆಗಳನ್ನು ದಾಟಿ ಸಾಮಾನ್ಯ ಮನೆಗಳ ಅಂಗಳಕ್ಕೆ ಬಂದಿದೆ.

ಈ ಪ್ರಶ್ನೆಗೆ ಜಗತ್ತಿನ ಹಲವು ವಿಶ್ವವಿದ್ಯಾಲಯಗಳು ಕಂಡುಕೊಂಡಿರುವ ಉತ್ತರಗಳಲ್ಲಿ ಒಂದು ಸಹವಿನ್ಯಾಸ ಕಾರ್ಯಾಗಾರ. ಕಲಿಯುವವರು ಮತ್ತು ಕಲಿಸುವವರು ಒಂದೇ ಮೇಜಿನ ಸುತ್ತ ಕುಳಿತು, ಒಂದು ಪೇಪರನ್ನೋ ಪ್ರಯೋಗಾಲಯದ ವೇಳಾಪಟ್ಟಿಯನ್ನೋ ಗ್ರಂಥಾಲಯದ ಸೇವೆಯನ್ನೋ ಒಟ್ಟಾಗಿ ರೂಪಿಸುವ ಕ್ರಮವಿದು. ಕೇಳಲು ಸರಳವಾಗಿದೆ. ಆದರೆ ಅದು ನಿಜವಾದ ಪಾಲುದಾರಿಕೆಯಾಗುವುದೋ, ಫೋಟೊ ತೆಗೆಸಿಕೊಂಡು ಮುಗಿಯುವ ಕಾರ್ಯಕ್ರಮವಾಗುವುದೋ ಎಂಬುದು ವಿದ್ಯಾರ್ಥಿಯನ್ನು ಯಾವ ಹಂತದಲ್ಲಿ ಕರೆದರು ಮತ್ತು ಕೊನೆಯ ತೀರ್ಮಾನದಲ್ಲಿ ಆತನ ಮಾತಿಗೆ ಎಷ್ಟು ತೂಕವಿತ್ತು ಎಂಬ ಎರಡು ಸಂಗತಿಗಳ ಮೇಲೆ ನಿಂತಿದೆ.

ಸದ್ಯ ಪಠ್ಯಕ್ರಮ ತಯಾರಾಗುವ ದಾರಿ

ಕಲಬುರಗಿಯ ಜ್ಞಾನಗಂಗಾ ಆವರಣದಲ್ಲಿರುವ, 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯವೂ ಸೇರಿದಂತೆ ರಾಜ್ಯದ ಸಾಂಪ್ರದಾಯಿಕ ವಿಶ್ವವಿದ್ಯಾಲಯಗಳು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ಅಡಿ ನಡೆಯುತ್ತವೆ. ಪ್ರತಿ ವಿಷಯಕ್ಕೂ ಒಂದು ಅಧ್ಯಯನ ಮಂಡಳಿ ಇರುತ್ತದೆ. ರೂಢಿಯಲ್ಲಿ ಇದನ್ನು ಬಿಒಎಸ್ ಎನ್ನುತ್ತಾರೆ. ಆ ವಿಷಯದ ಹಿರಿಯ ಅಧ್ಯಾಪಕರು ಮತ್ತು ಹೊರಗಿನ ತಜ್ಞರು ಇದರಲ್ಲಿ ಕುಳಿತು ಯಾವ ಸೆಮಿಸ್ಟರಿನಲ್ಲಿ ಯಾವ ಪೇಪರ್, ಅದಕ್ಕೆ ಎಷ್ಟು ಕ್ರೆಡಿಟ್, ಯಾವ ಯೂನಿಟ್‌ನಲ್ಲಿ ಏನು ಎಂಬ ಕರಡನ್ನು ಸಿದ್ಧಪಡಿಸುತ್ತಾರೆ. ಕ್ರೆಡಿಟ್ ಎಂದರೆ ಒಂದು ಪೇಪರಿಗೆ ಮೀಸಲಿಡುವ ಕಲಿಕೆಯ ಸಮಯದ ಅಳತೆ. ಸಾಮಾನ್ಯವಾಗಿ ವಾರಕ್ಕೆ ಒಂದು ಗಂಟೆಯ ಪಾಠಕ್ಕೆ ಒಂದು ಕ್ರೆಡಿಟ್ ಲೆಕ್ಕ, ಪ್ರಾಯೋಗಿಕ ತರಗತಿಯಾದರೆ ಎರಡು ಗಂಟೆಗೆ ಒಂದು. ಮಂಡಳಿ ಒಪ್ಪಿದ ಕರಡು ನಿಕಾಯದ (ಫ್ಯಾಕಲ್ಟಿಯ) ಮೂಲಕ ವಿದ್ಯಾವಿಷಯಕ ಪರಿಷತ್ತಿಗೆ ಹೋಗಿ, ಅಲ್ಲಿ ಅನುಮೋದನೆ ಪಡೆದು, ಸಂಯೋಜಿತ ಕಾಲೇಜುಗಳಿಗೆ ಬರುತ್ತದೆ.

ಈ ದಾರಿಯಲ್ಲಿ ವಿದ್ಯಾರ್ಥಿಗೆ ಜಾಗವೇ ಇಲ್ಲ ಎಂದರೆ ತಪ್ಪಾಗುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯು ಪಠ್ಯಕ್ರಮದ ಬಗ್ಗೆ ವಿದ್ಯಾರ್ಥಿಗಳು, ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು ಮತ್ತು ಉದ್ಯೋಗದಾತರಿಂದ ಅಭಿಪ್ರಾಯ ಸಂಗ್ರಹಿಸಿದ್ದೀರಾ ಎಂದು ಕೇಳುತ್ತದೆ. 2017ರಲ್ಲಿ ಬಂದ ಪರಿಷ್ಕೃತ ಚೌಕಟ್ಟಿನಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯೂ ಸೇರಿತು. ಪ್ರತಿ ಕಾಲೇಜಿನ ಐಕ್ಯೂಎಸಿ, ಅಂದರೆ ಆಂತರಿಕ ಗುಣಮಟ್ಟ ಖಾತರಿ ಕೋಶದಲ್ಲಿ ಒಬ್ಬ ವಿದ್ಯಾರ್ಥಿಯ ಹೆಸರು ಇರಬೇಕೆಂಬ ನಿಯಮವಿದೆ. ಸ್ವಾಯತ್ತ ಕಾಲೇಜುಗಳ ಅಧ್ಯಯನ ಮಂಡಳಿಯಲ್ಲಿ ಪ್ರತಿಭಾವಂತ ಹಳೆಯ ವಿದ್ಯಾರ್ಥಿಯೊಬ್ಬರು ಇರಬೇಕೆಂದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ ಹೇಳುತ್ತದೆ. ಆದರೂ ಒಂದು ಕೊರತೆ ಉಳಿಯುತ್ತದೆ. ಓದಿ ಹೋದವರು ಕರಡಿನ ಸಮಯಕ್ಕೆ ಬರುತ್ತಾರೆ. ಓದುತ್ತಿರುವವರು ಎಲ್ಲ ಮುಗಿದ ಮೇಲೆ ಗೂಗಲ್ ಫಾರ್ಮ್ ತುಂಬುತ್ತಾರೆ. ಈಗ ಓದುತ್ತಿರುವವರೇ ಕರಡು ಹುಟ್ಟುವ ಕೋಣೆಯಲ್ಲಿ ಇರುವುದು ತೀರಾ ಕಡಿಮೆ.

ಮನೆ ಕಟ್ಟಿಸಿದವರಿಗೆ ಇದರ ವ್ಯತ್ಯಾಸ ಬೇಗ ಅರ್ಥವಾಗುತ್ತದೆ. ಗೋಡೆಯ ಭಾರ ಎಲ್ಲಿ ಕೂರಬೇಕು, ಸ್ಲ್ಯಾಬಿಗೆ ಎಷ್ಟು ಕಬ್ಬಿಣ ಬೇಕು ಎಂಬುದು ಗೌಂಡಿಗೇ ಗೊತ್ತು. ಆ ವಿಷಯದಲ್ಲಿ ಮನೆಯವರ ಮತ ಕೇಳುವುದರಲ್ಲಿ ಅರ್ಥವಿಲ್ಲ. ಆದರೆ ಒಲೆ ಯಾವ ಮೂಲೆಗೆ, ಬಚ್ಚಲ ನೀರು ಯಾವ ಕಡೆಗೆ, ಜೋಳದ ಚೀಲ ಇಡಲು ಜಾಗ ಎಲ್ಲಿ ಎಂಬುದು ಆ ಮನೆಯಲ್ಲಿ ಬಾಳುವವರಿಗಷ್ಟೇ ಗೊತ್ತು. ಇದನ್ನು ಪಾಯ ಗುರುತು ಹಾಕುವಾಗ ಕೇಳಿದರೆ ಖರ್ಚಿಲ್ಲ. ಶಹಾಬಾದ್ ಕಲ್ಲು ಹಾಸಿ ಮುಗಿದ ಮೇಲೆ ಕೇಳಿದರೆ, ಉತ್ತರ ಎಷ್ಟೇ ಸರಿಯಿದ್ದರೂ, ಯಾರೂ ಅದನ್ನು ಕಿತ್ತು ಹಾಕುವುದಿಲ್ಲ.

ಸಹವಿನ್ಯಾಸ, ಪಾಲುದಾರಿಕೆ: ಈ ಮಾತುಗಳ ವ್ಯಾಪ್ತಿ

ಇಲ್ಲಿ ವಿನ್ಯಾಸ ಎಂದರೆ ಚಿತ್ರ ಬಿಡಿಸುವುದಲ್ಲ. ಒಂದು ಪೇಪರಿನ ಕೊನೆಗೆ ವಿದ್ಯಾರ್ಥಿಗೆ ಏನು ಬರಬೇಕು, ಅದು ಬರಲು ವಾರವಾರ ಏನು ನಡೆಯಬೇಕು, ಬಂದಿದೆಯೋ ಇಲ್ಲವೋ ಎಂದು ಹೇಗೆ ಪರೀಕ್ಷಿಸಬೇಕು ಎಂಬ ಮೂರನ್ನೂ ಒಂದಕ್ಕೊಂದು ಹೊಂದಿಸುವುದೇ ವಿನ್ಯಾಸ. ಅದನ್ನು ಬಳಸುವವರ ಜೊತೆ ಕೂಡಿ ಮಾಡಿದರೆ ಸಹವಿನ್ಯಾಸ.

ಪಾಲುದಾರಿಕೆ ಎಂಬುದಕ್ಕೆ ಈ ಕ್ಷೇತ್ರದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ವಿವರಣೆ 2014ರಲ್ಲಿ ಅಲಿಸನ್ ಕುಕ್-ಸೇದರ್, ಕ್ಯಾಥರೀನ್ ಬೋವಿಲ್ ಮತ್ತು ಪೀಟರ್ ಫೆಲ್ಟನ್ ಎಂಬ ಮೂವರು ವಿದ್ವಾಂಸರು ಕೊಟ್ಟದ್ದು. ಅದರ ಸಾರ ಇಷ್ಟು: ಭಾಗವಹಿಸುವ ಎಲ್ಲರಿಗೂ ಸಮಾನವಾಗಿ ಕೊಡುಗೆ ನೀಡುವ ಅವಕಾಶ ಇರಬೇಕು, ಆದರೆ ಎಲ್ಲರ ಕೊಡುಗೆಯೂ ಒಂದೇ ಬಗೆಯದಾಗಿರಬೇಕಿಲ್ಲ. ಪರಸ್ಪರ ಗೌರವ, ಕೊಟ್ಟು ತೆಗೆದುಕೊಳ್ಳುವುದು, ಹೊಣೆಯನ್ನು ಹಂಚಿಕೊಳ್ಳುವುದು ಎಂಬ ಮೂರು ಆಧಾರಗಳನ್ನು ಅವರು ಹೇಳಿದ್ದಾರೆ. ಮೂರನೆಯದನ್ನು ನಾವು ಬೇಗ ಮರೆಯುತ್ತೇವೆ. ಹೇಳುವ ಹಕ್ಕು ಸಿಕ್ಕವರಿಗೆ ಹೇಳಿದ್ದನ್ನು ನಡೆಸಿಕೊಡುವ ಕೆಲಸದಲ್ಲೂ ಪಾಲು ಇರುತ್ತದೆ.

ಇನ್ನೊಂದು ಉಪಯುಕ್ತ ಅಳತೆಗೋಲನ್ನು ಶೆರಿ ಆರ್ನ್‌ಸ್ಟೈನ್ ಎಂಬ ಅಮೆರಿಕನ್ ವಿದ್ವಾಂಸೆ 1969ರಲ್ಲಿ ನಗರ ಯೋಜನೆಯ ಸಂದರ್ಭದಲ್ಲಿ ಕೊಟ್ಟರು. ಜನರ ಭಾಗವಹಿಸುವಿಕೆಯನ್ನು ಅವರು ಎಂಟು ಮೆಟ್ಟಿಲುಗಳ ಏಣಿಯಾಗಿ ಜೋಡಿಸಿದರು. ತಳದಲ್ಲಿ ಜನರನ್ನು ಬರೀ ತಲೆ ಎಣಿಕೆಗೆ ಬಳಸಿಕೊಳ್ಳುವ ಮೆಟ್ಟಿಲುಗಳಿವೆ. ಮೂರನೆಯದು ಮಾಹಿತಿ ಕೊಡುವುದು, ನಾಲ್ಕನೆಯದು ಅಭಿಪ್ರಾಯ ಕೇಳುವುದು, ಐದನೆಯದು ಸಮಾಧಾನಕ್ಕೆ ಒಂದೆರಡು ಕುರ್ಚಿ ಕೊಡುವುದು. ಆರನೆಯ ಮೆಟ್ಟಿಲಿನಲ್ಲಿ ಪಾಲುದಾರಿಕೆ ಬರುತ್ತದೆ. ಈ ಲೆಕ್ಕದಲ್ಲಿ ನೋಟಿಸ್ ಬೋರ್ಡಿಗೆ ಸಿಲೆಬಸ್ ಅಂಟಿಸುವುದು ಮೂರನೆಯ ಮೆಟ್ಟಿಲು, ಫೀಡ್‌ಬ್ಯಾಕ್ ಫಾರ್ಮ್ ನಾಲ್ಕನೆಯದು, ಸಮಿತಿಯಲ್ಲಿ ಒಬ್ಬ ವಿದ್ಯಾರ್ಥಿಯ ಹೆಸರು ಬರೆದುಕೊಳ್ಳುವುದು ಐದನೆಯದು. ಯಾವುದೂ ಕೆಟ್ಟದ್ದಲ್ಲ, ಆದರೆ ಯಾವುದೂ ಆರನೆಯದಲ್ಲ.

ಕಾರ್ಯಾಗಾರ ಎಂಬ ಹೆಸರಿನ ಬಗ್ಗೆಯೂ ಒಂದು ಎಚ್ಚರಿಕೆ ಅಗತ್ಯ. ನಮ್ಮ ಕಾಲೇಜುಗಳಲ್ಲಿ ಆ ಹೆಸರಿನಲ್ಲಿ ನಡೆಯುವುದು ಬಹುಪಾಲು ವೇದಿಕೆ, ದೀಪ, ಶಾಲು, ದಿಕ್ಸೂಚಿ ಭಾಷಣಗಳ ಕಾರ್ಯಕ್ರಮ. ಬಸವಕಲ್ಯಾಣ ಹತ್ತಿರವೇ ಇರುವುದರಿಂದ ಉದ್ಘಾಟಕರು ಅನುಭವ ಮಂಟಪವನ್ನು ನೆನೆಯುವುದೂ ಖಚಿತ. ಇಲ್ಲಿ ಹೇಳುತ್ತಿರುವ ಕಾರ್ಯಾಗಾರಕ್ಕೆ ವೇದಿಕೆಯೇ ಇಲ್ಲ. ಆರೇಳು ಜನ ಕೂರುವ ಮೇಜುಗಳು, ದೊಡ್ಡ ಹಾಳೆ, ಚೀಟಿಗಳು, ಸ್ಕೆಚ್ ಪೆನ್ನು ಇದ್ದರೆ ಸಾಕು.

ಎಲ್ಲಿಂದ ಬಂತು ಈ ಕ್ರಮ

ಇದರ ಬೇರು ಕಾರ್ಖಾನೆಗಳಲ್ಲಿದೆ. 1970ರ ದಶಕದ ಆರಂಭದಲ್ಲಿ ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘ, ಕಾರ್ಖಾನೆಗೆ ಬರುತ್ತಿದ್ದ ಕಂಪ್ಯೂಟರ್ ವ್ಯವಸ್ಥೆಗಳ ಬಗ್ಗೆ ಕಾರ್ಮಿಕರಿಗೂ ಮಾತು ಇರಬೇಕೆಂದು, ಕಂಪ್ಯೂಟರ್ ವಿಜ್ಞಾನಿ ಕ್ರಿಸ್ಟನ್ ನೈಗಾರ್ಡ್ ಅವರ ಜೊತೆ ಸೇರಿ ಕೆಲಸ ಮಾಡಿತು. 1981ರಿಂದ 1985ರವರೆಗೆ ಸ್ವೀಡನ್ ಮತ್ತು ಡೆನ್ಮಾರ್ಕ್‌ಗಳಲ್ಲಿ ಪತ್ರಿಕೆಗಳ ಪುಟ ಕಟ್ಟುವ ಕಾರ್ಮಿಕರೊಂದಿಗೆ ನಡೆದ ಯೋಜನೆಯೊಂದರಲ್ಲಿ ಇನ್ನೂ ಸ್ವಾರಸ್ಯಕರ ಉಪಾಯ ಕಂಡಿತು. ತಂತ್ರಾಂಶ ಬರೆಯುವ ಮೊದಲೇ, ರಟ್ಟಿನ ಡಬ್ಬಿಗಳನ್ನು ಯಂತ್ರಗಳೆಂದು ಇಟ್ಟುಕೊಂಡು, ಅವುಗಳ ಮುಂದೆ ಕೆಲಸ ಮಾಡುವಂತೆ ನಟಿಸಿ, ಎಲ್ಲಿ ಕೈ ತಡವರಿಸುತ್ತದೆ ಎಂದು ಕಾರ್ಮಿಕರೇ ತೋರಿಸಿದರು. ತಜ್ಞರ ಭಾಷೆ ಬಾರದವರೂ ತಮ್ಮ ಕೆಲಸದ ತಿಳಿವಳಿಕೆಯನ್ನು ಮೇಜಿನ ಮೇಲೆ ಇಡಬಹುದು ಎಂಬುದು ಇದರಿಂದ ಸ್ಪಷ್ಟವಾಯಿತು. ಇಂದಿನ ಕಾರ್ಯಾಗಾರಗಳ ಚೀಟಿ, ಹಾಳೆಗಳೆಲ್ಲ ಆ ರಟ್ಟಿನ ಡಬ್ಬಿಗಳ ವಂಶಸ್ಥರೇ.

ವಿಶ್ವವಿದ್ಯಾಲಯದ ಆಡಳಿತದಲ್ಲಿ ವಿದ್ಯಾರ್ಥಿಗಳ ಪಾಲು ಇನ್ನೂ ಹಳೆಯ ಮಾತು. ಅರ್ಜೆಂಟೀನಾದ ಕಾರ್ಡೋಬಾದಲ್ಲಿ 1918ರಲ್ಲಿ ನಡೆದ ವಿದ್ಯಾರ್ಥಿ ಚಳವಳಿಯಿಂದ ಲ್ಯಾಟಿನ್ ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಅದು ನಿಯಮವೇ ಆಯಿತು. ಆದರೆ ಪಾಠದ ವಿನ್ಯಾಸದಲ್ಲಿ ಪಾಲು ಎಂಬ ವಿಚಾರಕ್ಕೆ ಬಲ ಬಂದದ್ದು ಇತ್ತೀಚೆಗೆ. ಬ್ರಿಟನ್ನಿನ ಹೈಯರ್ ಎಜುಕೇಶನ್ ಅಕಾಡೆಮಿ 2014ರಲ್ಲಿ ಇದಕ್ಕೊಂದು ಚೌಕಟ್ಟನ್ನು ಪ್ರಕಟಿಸಿದ ಮೇಲೆ ಬ್ರಿಟನ್, ಆಸ್ಟ್ರೇಲಿಯಾ, ಕೆನಡಾಗಳಲ್ಲಿ ಇದು ಹರಡಿತು.

ತೊಂಬತ್ತು ನಿಮಿಷದಲ್ಲಿ ಒಂದು ಪೇಪರ್

ಕಾರ್ಯಾಗಾರ ನಡೆಸಲು ಹಲವು ಮಾದರಿಗಳಿವೆ. ಅವುಗಳಲ್ಲಿ ಸರಳವಾದದ್ದು ಯೂನಿವರ್ಸಿಟಿ ಕಾಲೇಜ್ ಲಂಡನ್‌ನಲ್ಲಿ ರೂಪುಗೊಂಡ ಎಬಿಸಿ ಎಂಬ ವಿಧಾನ. ಅವಧಿ ತೊಂಬತ್ತು ನಿಮಿಷ. ಅದನ್ನು ಅಧ್ಯಾಪಕರ ತಂಡಗಳಿಗೆಂದೇ ರೂಪಿಸಲಾಗಿದ್ದರೂ, ಮೇಜಿಗೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಅಡ್ಡಿಯೇನೂ ಇಲ್ಲ. ಅದು ನಮ್ಮಲ್ಲಿ ಹೇಗೆ ಕಾಣಬಹುದು ಎಂದು ನೋಡಲು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ: ಕಲಬುರಗಿಯ ಒಂದು ಪದವಿ ಕಾಲೇಜು, ಬಿಎ ಅರ್ಥಶಾಸ್ತ್ರ, ಕೃಷಿ ಮಾರುಕಟ್ಟೆಯ ಬಗ್ಗೆ ಒಂದು ಪೇಪರ್. ಮೇಜಿನ ಸುತ್ತ ಇಬ್ಬರು ಅಧ್ಯಾಪಕರು, ಒಬ್ಬ ಅತಿಥಿ ಉಪನ್ಯಾಸಕಿ, ಗ್ರಂಥಪಾಲಕರು, ಮೂವರು ವಿದ್ಯಾರ್ಥಿಗಳು.

ಮೊದಲ ಕೆಲಸ, ಈ ಪೇಪರ್ ಏತಕ್ಕೆ ಎಂದು ಒಂದೇ ವಾಕ್ಯದಲ್ಲಿ ಬರೆಯುವುದು. ಇದು ಕಾಣುವಷ್ಟು ಸುಲಭವಲ್ಲ. ಅಧ್ಯಾಪಕರು "ಕೃಷಿ ಮಾರುಕಟ್ಟೆಯ ಸಿದ್ಧಾಂತಗಳ ಪರಿಚಯ" ಎಂದು ಬರೆದರೆ, ವಿದ್ಯಾರ್ಥಿನಿಯೊಬ್ಬಳು "ಗಂಜ್‌ನಲ್ಲಿ ತೊಗರಿಯ ದರ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಏಕೆ ಎಂದು ತಿಳಿಯಲು" ಎಂದು ಬರೆಯಬಹುದು. ಎರಡನ್ನೂ ಸೇರಿಸಿದ ವಾಕ್ಯ ಸಿದ್ಧವಾಗುವವರೆಗೆ ಮುಂದೆ ಹೋಗುವಂತಿಲ್ಲ.

ಆಮೇಲೆ ಚೀಟಿಗಳು ಬರುತ್ತವೆ. ಶಿಕ್ಷಣ ತಜ್ಞೆ ಡಯಾನಾ ಲಾರಿಲಾರ್ಡ್ ಅವರ ವಿಂಗಡಣೆಯಂತೆ ಕಲಿಕೆ ಆರು ಬಗೆಯದು: ಕೇಳಿ ಓದಿ ತಿಳಿಯುವುದು, ಹುಡುಕಿ ತಿಳಿಯುವುದು, ಚರ್ಚಿಸುವುದು, ಅಭ್ಯಾಸ ಮಾಡುವುದು, ಗುಂಪಿನಲ್ಲಿ ಕೆಲಸ ಮಾಡುವುದು, ಏನಾದರೊಂದನ್ನು ತಯಾರಿಸುವುದು. ಪ್ರತಿ ಬಗೆಗೂ ಒಂದು ಬಣ್ಣದ ಚೀಟಿ. ಹಾಳೆಯ ಮೇಲೆ ವಾರಗಳ ಅಂಕಣ ಬರೆದು, ಯಾವ ವಾರ ಯಾವ ಚೀಟಿ ಎಂದು ಜೋಡಿಸುತ್ತಾ ಹೋಗುತ್ತಾರೆ. ಹಳೆಯ ಸಿಲೆಬಸ್ಸನ್ನು ಹೀಗೆ ಜೋಡಿಸಿ ನೋಡಿದರೆ ಹಾಳೆ ಬಹುತೇಕ ಒಂದೇ ಬಣ್ಣದಲ್ಲಿ, ಅಂದರೆ ಕೇಳಿ ಓದಿ ತಿಳಿಯುವ ಚೀಟಿಗಳಿಂದ ತುಂಬಿಹೋಗುವ ಸಂಭವವೇ ಹೆಚ್ಚು. ಇದನ್ನು ಯಾರೂ ಯಾರಿಗೂ ಆರೋಪವಾಗಿ ಹೇಳಬೇಕಾಗುವುದಿಲ್ಲ, ಹಾಳೆಯೇ ತೋರಿಸುತ್ತದೆ. ಈ ವಿಧಾನದ ಜಾಣತನ ಇರುವುದು ಇಲ್ಲಿ.

ನಮ್ಮ ಉದಾಹರಣೆಯಲ್ಲಿ ಅಧ್ಯಾಪಕರು ಗುಂಪಿನ ಕೆಲಸದ ಚೀಟಿಯೊಂದನ್ನು ಡಿಸೆಂಬರ್ ಕೊನೆಯ ವಾರದ ಅಂಕಣದಲ್ಲಿಟ್ಟು, ಅದೇ ವಾರ ಇಂಟರ್ನಲ್ ಪರೀಕ್ಷೆಯನ್ನೂ ಗುರುತಿಸುತ್ತಾರೆ. ಜೇವರ್ಗಿ ಕಡೆಯ ಹುಡುಗನೊಬ್ಬ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳುತ್ತಾನೆ: "ಸರ, ಆ ವಾರ ನಾವು ಅರ್ಧ ಮಂದಿ ಊರಾಗ ಇರ್ತೀವ್ರಿ. ತೊಗರಿ ರಾಶಿ ಇರ್ತದ್ರಿ." ಜೂನ್–ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್–ಜನವರಿಯಲ್ಲಿ ಕೊಯ್ಲಿಗೆ ಬರುವುದು ಅಧ್ಯಾಪಕರಿಗೆ ಗೊತ್ತಿಲ್ಲದ ಸಂಗತಿಯಲ್ಲ, ಅವರಲ್ಲೂ ಅನೇಕರು ಒಕ್ಕಲು ಮನೆತನದವರೇ. ಆದರೆ ವೇಳಾಪಟ್ಟಿ ಬರೆಯುವಾಗ ಅದು ನೆನಪಿಗೆ ಬಂದಿರಲಿಲ್ಲ. ಪರೀಕ್ಷೆಯನ್ನು ಎರಡು ವಾರ ಹಿಂದಕ್ಕೆ ಎಳೆಯಬಹುದು ಎಂದು ಒಬ್ಬರು ಹೇಳುತ್ತಾರೆ. ಅತಿಥಿ ಉಪನ್ಯಾಸಕಿ ಇನ್ನೊಂದು ದಾರಿ ಸೂಚಿಸುತ್ತಾರೆ: ರಾಶಿಯ ವಾರವನ್ನು ತಪ್ಪಿಸುವ ಬದಲು ಅದನ್ನೇ ಕ್ಷೇತ್ರಕಾರ್ಯ ಮಾಡಬಹುದಲ್ಲ. ಹೊಲದಿಂದ ಎಷ್ಟು ಚೀಲ ಬಂತು, ಯಾವ ದರಕ್ಕೆ ಹೋಯಿತು, ದಲಾಲಿ, ಹಮಾಲಿ, ಸಾಗಣೆಗೆ ಎಷ್ಟು ಕಳೆಯಿತು ಎಂದು ಪ್ರತಿಯೊಬ್ಬರೂ ತಮ್ಮ ಅಥವಾ ನೆರೆಯವರ ಮನೆಯ ಲೆಕ್ಕ ಬರೆದು ತರಲಿ. ಹೊಲವಿಲ್ಲದ ಮನೆಯವರು ಕೂಲಿಯ ಲೆಕ್ಕ ತರಲಿ. ಕಲಬುರಗಿಯಲ್ಲೇ ಉಳಿಯುವವರು ಎಪಿಎಂಸಿಯಲ್ಲಿ ಆವಕದ ಅಂಕಿ ಬರೆದುಕೊಳ್ಳಲಿ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕ ಮೇಲೆ ರೈತನ ಕೈಗೆ ಬರುವ ದರದಲ್ಲಿ ವ್ಯತ್ಯಾಸವಾಯಿತೇ ಎಂಬ ಪ್ರಶ್ನೆಯೂ ಅದರಿಂದಲೇ ಹುಟ್ಟುತ್ತದೆ. ಗ್ರಂಥಪಾಲಕರು ಹಳೆಯ ದರಪಟ್ಟಿಗಳನ್ನು ಹುಡುಕಿಕೊಡುವ ಹೊಣೆ ಹೊರುತ್ತಾರೆ.

ಕೊನೆಯಲ್ಲಿ ಹಾಳೆಯ ಮೇಲೆ ನಕ್ಷತ್ರದ ಗುರುತುಗಳನ್ನು ಅಂಟಿಸುತ್ತಾರೆ. ಅಂಕಕ್ಕೆ ಲೆಕ್ಕವಿಲ್ಲದ, ಕಲಿಕೆಯನ್ನು ತಿದ್ದಲಷ್ಟೇ ಇರುವ ಪರೀಕ್ಷೆಗೆ ಬೆಳ್ಳಿ ಬಣ್ಣ; ಅಂಕ ಸೇರುವ ಪರೀಕ್ಷೆಗೆ ಬಂಗಾರದ ಬಣ್ಣ. ಹಾಳೆಯ ಫೋಟೊ ತೆಗೆದುಕೊಂಡು, ಮುಂದೆ ಯಾರು ಏನು ಮಾಡಬೇಕು ಎಂದು ಬರೆದುಕೊಂಡು ಎದ್ದರೆ ಕಾರ್ಯಾಗಾರ ಮುಗಿಯಿತು.

ಅಂಕ ಕೊಡುವವರ ಎದುರು ಮಾತಾಡುವುದು

ಮೇಲಿನ ಉದಾಹರಣೆಯಲ್ಲಿ ಹುಡುಗ ಬಾಯಿ ಬಿಟ್ಟ. ವಾಸ್ತವದಲ್ಲಿ ಬಹಳ ಸಲ ಬಿಡುವುದಿಲ್ಲ. ಎದುರಿಗೆ ಕುಳಿತವರ ಕೈಯಲ್ಲೇ ಇಂಟರ್ನಲ್ ಅಂಕ, ಹಾಜರಾತಿ, ಪ್ರಾಜೆಕ್ಟ್ ಸಹಿ, ಮುಂದೊಂದು ದಿನ ಬೇಕಾಗುವ ಶಿಫಾರಸು ಪತ್ರ ಎಲ್ಲವೂ ಇರುವಾಗ, "ಈ ಯೂನಿಟ್ ಯಾರಿಗೂ ಅರ್ಥವಾಗುವುದಿಲ್ಲ" ಎಂದು ಹೇಳಲು ಬರೀ ಧೈರ್ಯ ಸಾಲದು. ಸಹವಿನ್ಯಾಸದ ಬಗ್ಗೆ ಬರೆಯುವವರು ಇದನ್ನು ಅಧಿಕಾರದ ಅಸಮತೋಲನ ಎನ್ನುತ್ತಾರೆ. ಮೇಜಿನ ಸುತ್ತ ಕುರ್ಚಿಗಳನ್ನು ಗೋಲಾಕಾರದಲ್ಲಿ ಇಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ. ಅದಕ್ಕೆಂದೇ ಏರ್ಪಾಡು ಬೇಕು.

ಅಮೆರಿಕದ ಬ್ರಿನ್ ಮಾರ್ ಮತ್ತು ಹ್ಯಾವರ್‌ಫರ್ಡ್ ಕಾಲೇಜುಗಳಲ್ಲಿ ಸುಮಾರು ಎರಡು ದಶಕಗಳಿಂದ ನಡೆಯುತ್ತಿರುವ ಕಾರ್ಯಕ್ರಮದಲ್ಲಿ ಒಂದು ಸರಳ ಏರ್ಪಾಡಿದೆ. ಅಧ್ಯಾಪಕರ ಜೊತೆ ಪಾಲುದಾರರಾಗುವ ವಿದ್ಯಾರ್ಥಿ ಆ ತರಗತಿಯ ವಿದ್ಯಾರ್ಥಿಯಾಗಿರುವುದಿಲ್ಲ. ಆತ ತರಗತಿಯನ್ನು ಗಮನಿಸುತ್ತಾನೆ, ಪ್ರತಿ ವಾರ ಅಧ್ಯಾಪಕರೊಂದಿಗೆ ಕುಳಿತು ಮಾತನಾಡುತ್ತಾನೆ, ಆದರೆ ಅವರ ಕೈಯಿಂದ ಆತನಿಗೆ ಅಂಕ ಬರಬೇಕಿಲ್ಲ. ಈ ಕೆಲಸಕ್ಕೆ ಆತನಿಗೆ ಗಂಟೆಯ ಲೆಕ್ಕದಲ್ಲಿ ಸಂಭಾವನೆಯೂ ಉಂಟು. ನಮ್ಮಲ್ಲೂ ಮೂರನೇ ಸೆಮಿಸ್ಟರಿನ ಪೇಪರಿನ ವಿನ್ಯಾಸಕ್ಕೆ ಆ ಪೇಪರನ್ನು ಮುಗಿಸಿ ಫಲಿತಾಂಶ ಪಡೆದಿರುವ ಐದನೇ ಸೆಮಿಸ್ಟರಿನವರನ್ನು ಕರೆಯುವುದು ಕಷ್ಟವೇನಲ್ಲ. ಜೊತೆಗೆ, ಮಾತಿಗೆ ಮೊದಲು ಎಲ್ಲರೂ ಐದು ನಿಮಿಷ ಸುಮ್ಮನೆ ಬರೆದು, ಹೆಸರಿಲ್ಲದ ಚೀಟಿಗಳನ್ನು ಒಟ್ಟಿಗೆ ಕಲಸಿ ಓದಿದರೆ, ಯಾವುದು ಸರ್ ಬರೆದದ್ದು, ಯಾವುದು ವಿದ್ಯಾರ್ಥಿ ಬರೆದದ್ದು ಎಂಬ ಲೆಕ್ಕ ಅಷ್ಟರಮಟ್ಟಿಗೆ ತಪ್ಪುತ್ತದೆ. ನಡೆಸಿಕೊಡುವವರು ಬೇರೆ ವಿಭಾಗದವರಾಗಿದ್ದರೆ ಇನ್ನೂ ಒಳ್ಳೆಯದು.

ಭಯ ಒಂದೇ ಕಡೆ ಇರುತ್ತದೆ ಎಂದುಕೊಳ್ಳಬಾರದು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಹೊರೆ ಹೊರುವ ಅತಿಥಿ ಉಪನ್ಯಾಸಕರಿಗೆ ಮುಂದಿನ ವರ್ಷದ ಕೆಲಸವೇ ಖಾತರಿಯಿಲ್ಲ. ವಿಭಾಗದ ಮುಖ್ಯಸ್ಥರ ಎದುರು ಅವರ ಸ್ಥಿತಿ ವಿದ್ಯಾರ್ಥಿಯದಕ್ಕಿಂತ ಹೆಚ್ಚು ಬೇರೆಯಲ್ಲ. ಹಾಗೆಯೇ ಸಿಬ್ಬಂದಿ ಎಂದರೆ ಪಾಠ ಮಾಡುವವರಷ್ಟೇ ಅಲ್ಲ. ಲ್ಯಾಬ್ ಅಟೆಂಡರ್, ಗ್ರಂಥಾಲಯದ ಸಹಾಯಕರು, ಪರೀಕ್ಷಾ ವಿಭಾಗದ ಗುಮಾಸ್ತರು, ಹಾಸ್ಟೆಲ್ ವಾರ್ಡನ್ ಇವರಿಗೆ ತಿಳಿದಿರುವ ಎಷ್ಟೋ ಸಂಗತಿಗಳು ಯಾವ ಮಂಡಳಿಯ ನಡಾವಳಿಯಲ್ಲೂ ಸಿಗುವುದಿಲ್ಲ. ಎಷ್ಟು ಸೂಕ್ಷ್ಮದರ್ಶಕಗಳು ನಿಜವಾಗಿ ಕೆಲಸ ಮಾಡುತ್ತವೆ ಎಂದು ಅಟೆಂಡರ್‌ಗೆ ಗೊತ್ತು.

ಭಾಷೆ, ಬಸ್ಸು, ಭತ್ಯೆ

ಈ ಭಾಗದಲ್ಲಿ ಕಾರ್ಯಾಗಾರ ನಡೆಸುವವರು ಮೊದಲು ಎದುರಿಸುವುದು ಭಾಷೆಯನ್ನು. ಬೀದರ್, ಆಳಂದ ಕಡೆಯ ವಿದ್ಯಾರ್ಥಿಯ ಮನೆಮಾತು ಮರಾಠಿ ಇರಬಹುದು, ಗುರುಮಠಕಲ್, ಸೇಡಂ ಕಡೆಯವರದು ತೆಲುಗು, ನಗರದವರದು ಉರ್ದು, ತಾಂಡಾದವರದು ಲಂಬಾಣಿ. ಶಾಲೆ ಓದಿದ್ದು ಕನ್ನಡದಲ್ಲಿ, ಸಿಲೆಬಸ್ ಅಚ್ಚಾಗುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ. ಕಾರ್ಯಾಗಾರದ ಚೀಟಿಗಳೂ ಇಂಗ್ಲಿಷಿನಲ್ಲೇ ಇದ್ದರೆ ಮಾತನಾಡುವವರು ಯಾರೆಂಬುದು ಆಗಲೇ ತೀರ್ಮಾನವಾಗಿಬಿಡುತ್ತದೆ. ಆದ್ದರಿಂದ ಚೀಟಿಗಳನ್ನು ಕನ್ನಡದಲ್ಲೂ ಬರೆಯುವುದು, ಯಾವ ಭಾಷೆಯಲ್ಲಿ ಬೇಕಾದರೂ ಮಾತನಾಡಿ ಎಂದು ಮೊದಲೇ ಹೇಳುವುದು, ಕರಡಿನ ಇಂಗ್ಲಿಷ್ ರೂಪವನ್ನು ಆಮೇಲೆ ಅಧ್ಯಾಪಕರು ಸಿದ್ಧಪಡಿಸುವುದು ಸೂಕ್ತ ಕ್ರಮ.

ಎರಡನೆಯದು ಹೊತ್ತು. ಶಹಾಪುರ, ಸುರಪುರ, ಚಿತ್ತಾಪುರ, ಅಫಜಲಪುರಗಳ ಹಳ್ಳಿಗಳಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವವರನ್ನು ಸಂಜೆ ನಾಲ್ಕಕ್ಕೆ ಕಾರ್ಯಾಗಾರಕ್ಕೆ ಕರೆದರೆ ಬರುವವರು ಹಾಸ್ಟೆಲ್‌ನವರು ಮತ್ತು ನಗರದವರು ಮಾತ್ರ. ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ಕಡಿಮೆಯಾಗಿದೆ. ಆದರೆ ಊರಿನ ಕೊನೆಯ ಬಸ್ಸು ತಪ್ಪಿದರೆ ಟಿಕೆಟ್ ಇಲ್ಲದಿರುವುದರಿಂದ ಏನೂ ಉಪಯೋಗವಿಲ್ಲ. ತರಗತಿಯ ಸಮಯದೊಳಗೇ ಕಾರ್ಯಾಗಾರ ಇಟ್ಟು, ಅದಕ್ಕೆ ಹಾಜರಾತಿ ಕೊಟ್ಟರೆ ಈ ತೊಡಕು ಬಹುಮಟ್ಟಿಗೆ ತೀರುತ್ತದೆ.

ಭತ್ಯೆಯ ಮಾತು ಚಿಕ್ಕದು, ಆದರೆ ಹೇಳಬೇಕಾದದ್ದು. ಹೊರಗಿನಿಂದ ಬರುವ ತಜ್ಞರಿಗೆ ಟಿಎ, ಡಿಎ ಕೊಡುವುದು ನಮ್ಮಲ್ಲಿ ರೂಢಿ. ವಿದ್ಯಾರ್ಥಿಗೆ ಚಹಾ ಮತ್ತು ಒಂದು ಪ್ರಮಾಣಪತ್ರ. ಇಬ್ಬರೂ ಪಾಲುದಾರರೆಂದು ಆಹ್ವಾನ ಪತ್ರಿಕೆಯಲ್ಲಿ ಬರೆದ ಮೇಲೆ ಇದು ಕಣ್ಣಿಗೆ ಹೊಡೆಯುತ್ತದೆ.

ಯಾರನ್ನು ಕರೆಯಬೇಕು

ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆ 1980ರ ದಶಕದ ಕೊನೆಯ ಹೊತ್ತಿಗೆ ನಿಂತುಹೋಗಿದ್ದರಿಂದ ಪ್ರತಿನಿಧಿ ಎಂದರೆ ಸಾಮಾನ್ಯವಾಗಿ ಅಧ್ಯಾಪಕರು ಆರಿಸಿದವರು: ಅಂಕದಲ್ಲಿ ತರಗತಿಗೇ ಮೊದಲಿಗರು ಅಥವಾ ಸಿಆರ್ (ತರಗತಿ ಪ್ರತಿನಿಧಿ). ಇವರ ಮಾತು ಮುಖ್ಯವೇ. ಆದರೆ ಹಳೆಯ ಪದ್ಧತಿಯಲ್ಲಿ ಚೆನ್ನಾಗಿ ಅಂಕ ತೆಗೆದವರಿಗೆ ಆ ಪದ್ಧತಿಯ ದೋಷ ಕಾಣುವುದು ಕಡಿಮೆ. ಒಂದು ಪೇಪರಿನಲ್ಲಿ ಅನುತ್ತೀರ್ಣರಾಗಿ ಎರಡನೇ ಸಲ ಕಟ್ಟಿದವರು, ಬೆಳಿಗ್ಗೆ ಕೆಲಸ ಮಾಡಿ ಓದುವವರು, ಅಂಗವಿಕಲ ವಿದ್ಯಾರ್ಥಿಗಳು, ಮನೆಯವರು ಪುಣೆ, ಮುಂಬೈ, ಹೈದರಾಬಾದ್‌ಗೆ ದುಡಿಯಲು ಹೋದಾಗ ಮನೆ ನೋಡಿಕೊಳ್ಳುತ್ತಾ ಓದುವವರು ಮೇಜಿನಲ್ಲಿ ಇದ್ದರೆ ಸಿಗುವ ಮಾಹಿತಿಯೇ ಬೇರೆ. ಜೊತೆಗೆ ಒಬ್ಬರನ್ನೇ ಕರೆಯದೆ ಕನಿಷ್ಠ ಇಬ್ಬರು ಮೂವರನ್ನು ಒಟ್ಟಿಗೆ ಕರೆಯಬೇಕು. ಹಿರಿಯರ ನಡುವೆ ಒಂಟಿಯಾಗಿ ಕುಳಿತವರು ಮಾತಾಡುವುದು ಕಷ್ಟ.

ಎಷ್ಟು ಬದಲಾಯಿಸಬಹುದು

ಇದಕ್ಕೆ ಉತ್ತರ ಕಾಲೇಜಿನ ಸ್ಥಾನಮಾನದ ಮೇಲೆ ನಿಂತಿದೆ. 2009ರ ಕಾಯ್ದೆಯಿಂದ ಸ್ಥಾಪನೆಯಾದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ, ಸ್ವಾಯತ್ತ ಇಂಜಿನಿಯರಿಂಗ್ ಕಾಲೇಜುಗಳು ತಮ್ಮ ತಮ್ಮ ಮಂಡಳಿಗಳ ಮೂಲಕ ಪಠ್ಯಕ್ರಮವನ್ನು ತಿದ್ದಬಲ್ಲವು. ಆದರೆ ಪಶುವೈದ್ಯಕೀಯ, ವೈದ್ಯಕೀಯದಂಥ ವೃತ್ತಿಪರ ಕೋರ್ಸ್‌ಗಳಲ್ಲಿ ರಾಷ್ಟ್ರಮಟ್ಟದ ನಿಯಂತ್ರಣ ಸಂಸ್ಥೆಗಳು ಹಾಕಿದ ಗೆರೆಯನ್ನು ದಾಟುವಂತಿಲ್ಲ. ಯಾದಗಿರಿಯ ಒಂದು ಸಂಯೋಜಿತ ಪದವಿ ಕಾಲೇಜಿಗೆ ಸಿಲೆಬಸ್ಸಿನ ಒಂದು ಸಾಲನ್ನೂ ಬದಲಿಸುವ ಅಧಿಕಾರವಿಲ್ಲ.

ಹಾಗೆಂದು ಆ ಕಾಲೇಜಿಗೆ ಮಾಡಲು ಏನೂ ಉಳಿದಿಲ್ಲ ಎಂದಲ್ಲ. ಯೂನಿಟ್‌ಗಳನ್ನು ಯಾವ ಕ್ರಮದಲ್ಲಿ ಕಲಿಸಬೇಕು, ಅಸೈನ್‌ಮೆಂಟ್ ಯಾವ ರೂಪದ್ದಿರಬೇಕು, ಇಂಟರ್ನಲ್ ಪರೀಕ್ಷೆ ಯಾವ ವಾರ, ಕ್ಷೇತ್ರ ಭೇಟಿ ಎಲ್ಲಿಗೆ, ಗ್ರಂಥಾಲಯ ಎಷ್ಟು ಹೊತ್ತಿನವರೆಗೆ ತೆರೆದಿರಬೇಕು ಎಂಬುದೆಲ್ಲ ಕಾಲೇಜಿನ ಅಂಗಳದಲ್ಲೇ ತೀರ್ಮಾನವಾಗುತ್ತದೆ. ವಿದ್ಯಾರ್ಥಿಯ ದಿನಚರಿಗೆ ಹೆಚ್ಚು ತಾಗುವುದೂ ಇವೇ. ಯಾವುದು ನಮ್ಮ ಕೈಯಲ್ಲಿದೆ, ಯಾವುದು ಇಲ್ಲ ಎಂಬ ಪಟ್ಟಿಯನ್ನು ಕಾರ್ಯಾಗಾರದ ಆರಂಭದಲ್ಲೇ ಗೋಡೆಗೆ ಹಚ್ಚಬೇಕು. ಅದನ್ನು ಮುಚ್ಚಿಟ್ಟು ಎಲ್ಲವನ್ನೂ ಕೇಳಿ, ಕೊನೆಗೆ "ಅದು ನಮ್ಮ ಕೈಯಲ್ಲಿಲ್ಲ" ಎಂದರೆ ಮುಂದಿನ ಸಲ ಕರೆದಾಗ ಯಾರೂ ಬರುವುದಿಲ್ಲ.

ಕಾರ್ಯಾಗಾರ ಮುಗಿದ ಮೇಲೆ

ಸಹವಿನ್ಯಾಸದ ಪ್ರಯತ್ನಗಳು ಸೋರಿಹೋಗುವುದು ಹೆಚ್ಚಾಗಿ ಈ ಹಂತದಲ್ಲಿ. ಹಾಳೆಗಳನ್ನು ಸುತ್ತಿ ಬೀರುವಿನಲ್ಲಿಟ್ಟ ಮೇಲೆ ಅವುಗಳಿಂದ ಏನಾಯಿತೆಂದು ಭಾಗವಹಿಸಿದವರಿಗೆ ತಿಳಿಯುವುದಿಲ್ಲ. ಇದನ್ನು ತಪ್ಪಿಸಲು ದೊಡ್ಡ ವ್ಯವಸ್ಥೆ ಬೇಕಿಲ್ಲ. ಬಂದ ಸಲಹೆ ಯಾವುದು, ಒಪ್ಪಿದ್ದು ಯಾವುದು, ಒಪ್ಪದಿದ್ದರೆ ಕಾರಣವೇನು, ಒಪ್ಪಿದ್ದನ್ನು ಯಾರು ಯಾವಾಗ ಜಾರಿಗೆ ತರುತ್ತಾರೆ ಎಂಬ ನಾಲ್ಕು ಅಂಕಣಗಳ ಒಂದು ಪುಟ ಸಾಕು. ಅದನ್ನು ತರಗತಿಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿ, ಐಕ್ಯೂಎಸಿ ಕಡತಕ್ಕೂ ಸೇರಿಸಿದರೆ ನ್ಯಾಕ್ ತಂಡ ಬಂದಾಗ ತೋರಿಸಲು ದಾಖಲೆಯೂ ಆಯಿತು.

ಒಂದು ತೊಡಕು ಉಳಿಯುತ್ತದೆ. ಪಠ್ಯಕ್ರಮ ಮಂಡಳಿಯಿಂದ ಪರಿಷತ್ತಿಗೆ ಹೋಗಿ ಜಾರಿಯಾಗುವಷ್ಟರಲ್ಲಿ ಅದನ್ನು ರೂಪಿಸಲು ಕುಳಿತ ವಿದ್ಯಾರ್ಥಿಗಳು ಪದವಿ ಮುಗಿಸಿ ಹೋಗಿರುತ್ತಾರೆ. ಅವರ ಮಾತಿನ ಫಲ ಅವರಿಗೇ ದಕ್ಕುವುದಿಲ್ಲ. ಹಾಗಾಗಿ ಕೆಲವು ಬದಲಾವಣೆಗಳನ್ನಾದರೂ, ಅಂದರೆ ಪರೀಕ್ಷೆಯ ವಾರ, ಅಸೈನ್‌ಮೆಂಟಿನ ರೂಪದಂಥ ಮಂಡಳಿಯ ಒಪ್ಪಿಗೆ ಬೇಡದ ಸಂಗತಿಗಳನ್ನು, ಅದೇ ಸೆಮಿಸ್ಟರಿನಲ್ಲಿ ಜಾರಿಗೆ ತರುವುದು ರೂಢಿಯಾಗಬೇಕಾಗುತ್ತದೆ. ಉಳಿದದ್ದಕ್ಕೆ, ಹೊಸ ಪೇಪರ್ ಒಂದು ಸೆಮಿಸ್ಟರ್ ನಡೆದ ಮೇಲೆ, ಅದನ್ನು ಓದಿದ ಹೊಸ ತಂಡವನ್ನು ಅದೇ ಹಾಳೆಯ ಮುಂದೆ ಕೂರಿಸಿ, ಯಾವ ಚೀಟಿ ಯಾವ ವಾರಕ್ಕೆ ಸರಿಯಬೇಕು ಎಂದು ಮತ್ತೆ ಕೇಳಬೇಕಾಗುತ್ತದೆ.